ಬಳಸಿ ಬಿಟ್ಟ ವಸ್ತುವಿನಿಂದ ಶಿಲ್ಪಪಾಠ



ಶಿಲ್ಪ ಎಂದೊಡನೆ ನಿಮಗೆ ನೆನಪಾಗುವುದು ಕಲ್ಲು, ಉಳಿ, ಸುತ್ತಿಗೆ. ಆದರೆ ಕೆತ್ತದೆ, ಎರಕ ಹೊಯ್ಯದೆ, ಬಳಸಿ ಬಿಟ್ಟ ವಸ್ತುಗಳನ್ನು ಒಂದಕ್ಕೊಂದು ಜೋಡಿಸಿಯೂ ಶಿಲ್ಪ ಮಾಡಬಹುದು. ಇದನ್ನು ಅಸೆಂಬ್ಲಾಜ್, ಅಂದರೆ ಜೋಡಣಾ ಶಿಲ್ಪ ಎನ್ನುತ್ತಾರೆ. 1942ರಲ್ಲಿ ಪಿಕಾಸೊ ಹಳೆಯ ಸೈಕಲ್ಲಿನ ಸೀಟಿಗೆ ಅದರ ಹ್ಯಾಂಡಲ್ಲನ್ನು ಕೊಂಬಿನಂತೆ ಜೋಡಿಸಿ ಗೂಳಿಯ ತಲೆಯನ್ನು ಮಾಡಿದ. ನೋಡುವವರಿಗೆ ಗೂಳಿಯೂ ಕಾಣುತ್ತದೆ, ಸೈಕಲ್ಲೂ ಕಾಣುತ್ತದೆ. ವಸ್ತು ತನ್ನ ಹಿಂದಿನ ಬಾಳನ್ನು ಮರೆಯದೆ ಹೊಸ ಅರ್ಥ ಪಡೆಯುವುದೇ ಈ ಕಲೆಯ ವಿಶೇಷ.

ಇದನ್ನು ಕಲಾವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ? ಎಲ್ ಅನಾಟ್ಸುಯಿ ಅವರ ಉದಾಹರಣೆ ನೋಡೋಣ. 1944ರಲ್ಲಿ ಘಾನಾದಲ್ಲಿ ಹುಟ್ಟಿದ ಇವರು 1975ರಿಂದ ನ್ಸುಕ್ಕಾ ಊರಿನ ನೈಜೀರಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಶಿಲ್ಪಕಲೆ ಕಲಿಸಿದರು. ದುಬಾರಿ ಸಾಮಗ್ರಿಗೆ ಕಾಯದೆ ಸುತ್ತಮುತ್ತ ಸಿಗುವುದರಲ್ಲೇ ಕೆಲಸ ಮಾಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ತಾವೂ ಸಂತೆಯ ಮರದ ತಟ್ಟೆ, ಒಡೆದ ಮಡಕೆಗಳ ಜಾಡಿನಲ್ಲಿ ನಡೆದರು. 1990ರ ದಶಕದ ಕೊನೆಯಲ್ಲಿ ಅವರಿಗೆ ಮದ್ಯದ ಬಾಟಲಿಗಳ ಮುಚ್ಚಳ ತುಂಬಿದ ಚೀಲವೊಂದು ಸಿಕ್ಕಿತು. ಮುಚ್ಚಳಗಳನ್ನು ತಟ್ಟಿ, ಮಡಿಸಿ, ತಾಮ್ರದ ತಂತಿಯಿಂದ ಹೊಲಿದಾಗ ಜರತಾರಿ ಬಟ್ಟೆಯಂತೆ ಗೋಡೆಯ ಮೇಲೆ ಇಳಿಬೀಳುವ ಶಿಲ್ಪಗಳಾದವು. ಯುರೋಪಿನ ವರ್ತಕರು ಆಫ್ರಿಕಾಕ್ಕೆ ತಂದ ಸರಕುಗಳಲ್ಲಿ ಮದ್ಯವೂ ಒಂದು. ಗುಲಾಮರ ವ್ಯಾಪಾರದಲ್ಲೂ ಅದರ ಪಾತ್ರವಿತ್ತು. ಆ ಚರಿತ್ರೆಯನ್ನು ಮುಚ್ಚಳವೇ ಹೊತ್ತು ತಂದಿತ್ತು. 2015ರಲ್ಲಿ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನವು ಅವರಿಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ನೀಡಿತು.

ಹಾಗೆಂದು ಗುಜರಿಯನ್ನು ರಾಶಿ ಹಾಕಿದರೆ ಶಿಲ್ಪವಾಗದು. ಕೈಗೆ ಸಿಕ್ಕ ವಸ್ತುವನ್ನು ಮೊದಲು ವಿಚಾರಿಸಿ: ಇದನ್ನು ಯಾರು ಬಳಸಿದರು? ಎಲ್ಲಿ ಸವೆದಿದೆ? ಭಾರ ಯಾವ ಕಡೆಗಿದೆ? ಬಳಿಕ ಅಂಟಿಸದೆ, ಬರಿದೇ ಪಕ್ಕಪಕ್ಕದಲ್ಲಿಟ್ಟು ನೋಡಿ. ತಿರುಗಿಸಿ, ತಲೆಕೆಳಗು ಮಾಡಿ. ಬೇಡವಾದುದನ್ನು ತೆಗೆಯಿರಿ. ಕೊನೆಯದು ಬೆಸುಗೆ. ತಂತಿಯೋ, ಮೊಳೆಯೋ, ನಟ್ಟು ಬೋಲ್ಟೋ ಎಂಬುದೂ ಅರ್ಥವನ್ನು ಬದಲಿಸುತ್ತದೆ. ಅನಾಟ್ಸುಯಿ ಅವರ ಶಿಲ್ಪಗಳನ್ನು ಪ್ರತಿ ಸಲವೂ ಬೇರೆ ಬೇರೆ ಮಡಿಕೆಗಳಲ್ಲಿ ತೂಗುಹಾಕಬಹುದು; ಹಾಗೆ ಬಾಗುವ ಗುಣ ಕೊಟ್ಟದ್ದು ತಂತಿ.

ಸಾಮಗ್ರಿಗೆ ಹಣವಿಲ್ಲವೆಂದು ಶಿಲ್ಪದ ಆಸೆಯನ್ನು ಕೈಬಿಡುವ ಹುಡುಗ ಹುಡುಗಿಯರಿಗೆ ಈ ಪಾಠ ದೊಡ್ಡ ಧೈರ್ಯ. ಈ ಭಾನುವಾರ ನಿಮ್ಮ ಮನೆಯ ಅಟ್ಟದಿಂದ ಮೂರೇ ವಸ್ತುಗಳನ್ನು ಇಳಿಸಿ. ಮನೆಯ ಹಿರಿಯರಿಂದ ಅವುಗಳ ಕಥೆ ಕೇಳಿಕೊಂಡು, ಆಮೇಲೆ ಜೋಡಿಸಲು ಕುಳಿತುಕೊಳ್ಳಿ.