ಕಿಟ್ಟೆಲ್ ಎಂಬ ಹೆಸರು

ಕಿಟ್ಟೆಲ್ ಎಂದೊಡನೆ ನಮಗೆ ನೆನಪಾಗುವುದು ನಿಘಂಟು. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ಲರು ದಶಕಗಳ ಕಾಲ ದುಡಿದು ಕಟ್ಟಿದ, ಸುಮಾರು 70 ಸಾವಿರ ಪದಗಳ ಆ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 'ಕಿಟ್ಟೆಲ್ ತೆಗೆದು ನೋಡಿ' ಅಂದರೆ ಸಾಕು, ಯಾವ ಪುಸ್ತಕ ಎಂದು ಯಾರೂ ಕೇಳುವುದಿಲ್ಲ.

ಅವರ ಜರ್ಮನಿಯಲ್ಲಿ ಮಾತ್ರ ಕಿಟೆಲ್ ಎಂದರೆ ಒಂದು ಉಡುಪು. ಕೆಲಸದ ಹೊತ್ತಿನಲ್ಲಿ ಮೈಮೇಲಿನ ಬಟ್ಟೆ ಕೊಳೆಯಾಗದಿರಲಿ ಎಂದು ತೊಡುವ ಸಡಿಲ ನಿಲುವಂಗಿ. ವೈದ್ಯರ ಬಿಳಿ ಕೋಟೂ ಕಿಟೆಲ್ಲೇ. ಅದನ್ನು ಹೊಲಿಯುವವನಿಗೋ, ಸದಾ ಅದನ್ನೇ ತೊಟ್ಟು ತಿರುಗುವವನಿಗೋ ಅಂಟಿಕೊಂಡ ಹೆಸರು ಮುಂದೆ ಮನೆತನದ್ದಾಯಿತು. ಫರ್ಡಿನಾಂಡರು ಓಡಾಡಿದ ಧಾರವಾಡ-ಹುಬ್ಬಳ್ಳಿ ಸೀಮೆಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳಿವೆಯಲ್ಲ, ಅವರಿಗೆ ಇದು ಹೊಸತೆನಿಸಿರಲಿಕ್ಕಿಲ್ಲ!

ಭೌತಶಾಸ್ತ್ರ ಓದಿದವರಿಗೆ ಕಿಟೆಲ್ ಎಂದರೆ ಬೇರೆಯೇ ಪುಸ್ತಕ. ಅಮೆರಿಕದ ಚಾರ್ಲ್ಸ್ ಕಿಟೆಲ್ 1953ರಲ್ಲಿ ಹೊರತಂದ ಘನಸ್ಥಿತಿ ಭೌತಶಾಸ್ತ್ರದ ಪಠ್ಯವನ್ನು ನಮ್ಮ ಎಂಎಸ್ಸಿ ಹುಡುಗರೂ ಬೆವರು ಸುರಿಸಿ ಓದಿದ್ದಾರೆ.

ಉಡುಪಿನ ಮಾತಿಗೇ ಮರಳಿದರೆ, ಯುರೋಪಿನ ಯಹೂದಿಗಳಲ್ಲಿ ಈ ಪದಕ್ಕೆ ಇನ್ನೊಂದು ತೂಕವಿದೆ. ಅವರ ಸಂಪ್ರದಾಯದಲ್ಲಿ ಕಿಟೆಲ್ ಎಂದರೆ ಬಿಳಿಯ ನಿಲುವಂಗಿ. ಮದುವೆಯಲ್ಲಿ ಮದುಮಗ ತೊಡುತ್ತಾನೆ. ಯೋಮ್ ಕಿಪ್ಪೂರ್ ಉಪವಾಸದ ದಿನ ಪ್ರಾರ್ಥನೆಗೆ ತೊಡುತ್ತಾರೆ. ಸತ್ತಾಗ ಅದನ್ನು ತೊಡಿಸಿಯೇ ಮಣ್ಣು ಮಾಡುವುದುಂಟು.

ಇದೇ ಹೆಸರಿನ ಗೆರ್ಹಾರ್ಡ್ ಕಿಟೆಲ್ ನನಗೆ ಅರಗದ ಮನುಷ್ಯ. ತಂದೆ ರುಡಾಲ್ಫ್, ಹೀಬ್ರೂ ಬೈಬಲಿನ ಹೆಸರಾಂತ ಸಂಪಾದಕ. ಮಗನೂ ಪ್ರಾಚೀನ ಯಹೂದಿ ಗ್ರಂಥಗಳನ್ನು ಆಳವಾಗಿ ಬಲ್ಲವನು, ನಮ್ಮ ಫರ್ಡಿನಾಂಡರು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಊರಿನಲ್ಲೇ ಪ್ರಾಧ್ಯಾಪಕ. ಅವನೂ ನಿಘಂಟುಕಾರ! ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ದೊಡ್ಡ ಕೋಶದ ಮೊದಲ ಸಂಪುಟವನ್ನು 1933ರಲ್ಲಿ ತಂದ. ಅದೇ ವರ್ಷ ಹಿಟ್ಲರನ ಪಕ್ಷ ಸೇರಿದ; ಯಹೂದಿಗಳು ಜರ್ಮನಿಯಲ್ಲಿ ಪ್ರಜೆಗಳಾಗಿ ಅಲ್ಲ, ಬರೀ ಪರದೇಶಿ ಅತಿಥಿಗಳಾಗಿ ಇರಬೇಕೆಂದು ಭಾಷಣ ಮಾಡಿ ಅಚ್ಚೂ ಹಾಕಿಸಿದ. ಅಷ್ಟು ಓದಿದವನಿಗೆ, ಯಾರ ಗ್ರಂಥಗಳಿಂದ ಬದುಕು ಕಟ್ಟಿಕೊಂಡನೋ ಅವರನ್ನೇ ಹೊರಗಿಡುವುದು ಹೇಗೆ ಸಾಧ್ಯವಾಯಿತು?

1945ರಲ್ಲಿ ಟ್ಯೂಬಿಂಗನ್ ಹಿಡಿದ ಫ್ರೆಂಚರು ಅವನನ್ನು ಬಂಧಿಸಿದರು. ಕೆಲಸ ಹೋಯಿತು. 1948ರಲ್ಲಿ ಸತ್ತ. ಕೋಶವನ್ನು ಮುಂದೆ ಬೇರೆಯವರು ಮುಗಿಸಿದರು. ದೇವಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಈಗಲೂ ಬಳಸುತ್ತಾರೆ. ಯಹೂದಿ ಧರ್ಮದ ಮಾತು ಬಂದ ಪುಟಗಳನ್ನು ಮಾತ್ರ ವಿದ್ವಾಂಸರು ಅನುಮಾನದಿಂದಲೇ ಓದುತ್ತಾರೆ.