ಹೊಳೆ ಇಳಿದ ಮೇಲಿನ ಕೆಲಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯಿಂದ ಬಂದಿರುವ ಅಕ್ಕ-ಅಣ್ಣಂದಿರೇ,

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಶಾಲೆಯೊಂದರ ಗಂಜಿ ಕೇಂದ್ರದಲ್ಲಿ ಕಂಡ ಅಜ್ಜಿಯನ್ನು ನಾನು ಮರೆತಿಲ್ಲ. ಎಲ್ಲರೂ ಊಟದ ಸಾಲಿನಲ್ಲಿದ್ದರೆ ಅವಳು ಶಾಲೆಯ ಹೊರಗೆ ಮಳೆಯಲ್ಲಿ, ಎಮ್ಮೆಯ ಬೆನ್ನಿಗೆ ಗೋಣಿಚೀಲ ಹೊದಿಸಿ ಪಕ್ಕದಲ್ಲೇ ಕುಳಿತಿದ್ದಳು. “ನನಗ ಗಂಜಿ ಐತಿ, ಇದಕ್ಕ ಏನ ಹಾಕ್ಲೆಪಾ?” ಎಂದಳು. ಬಿಸ್ಕತ್ತು, ಸೀರೆ, ಚಾದರದ ಗಾಡಿಗಳು ಬಂದಿದ್ದವು. ಮೇವಿನ ಗಾಡಿ ಬಂದಿರಲಿಲ್ಲ.

ನೀರು ಇಳಿಯಿತು. ಅವಳ ಮಣ್ಣಿನ ಗೋಡೆಯ ಮನೆ ಕುಸಿದಿತ್ತು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು, ಅದು ದೊಡ್ಡ ಮಾತೇ. ಆದರೆ ಪಂಚನಾಮೆಗೆ ಬಂದವರು ಉತಾರ, ಅಂದರೆ ಮನೆಯ ಹಕ್ಕಿನ ದಾಖಲೆ, ಕೇಳಿದರು. ಉತಾರದಲ್ಲಿ ಇದ್ದದ್ದು ಎಂದೋ ತೀರಿಹೋದ ಮಾವನ ಹೆಸರು. ಅದನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅಂದರೆ ವಾರಸಾ ಮಾಡಿಸಲು, ಅವಳು ಕಚೇರಿಯ ಮೆಟ್ಟಿಲು ಹತ್ತಿದ ದಿನಗಳು, ಹೊಳೆಯ ನೀರು ಮನೆಯಲ್ಲಿ ನಿಂತ ದಿನಗಳಿಗಿಂತ ಎಷ್ಟೋ ಹೆಚ್ಚು.

ಮಹಾಬಳೇಶ್ವರದಲ್ಲಿ ಮಳೆ ಜೋರಾಗಿ, ಕೊಯ್ನಾದಿಂದ ನೀರು ಬಿಟ್ಟು, ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡಿತೆಂದರೆ ಯಡೂರು, ಇಂಗಳಿ, ಜುಗೂಳ, ಕುಡಚಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2005, 2019, 2021ರ ಮೂರೂ ಪ್ರವಾಹಗಳನ್ನು ಕಂಡವರು ಈ ಸಭೆಯಲ್ಲೇ ಇದ್ದೀರಿ. ಕಬ್ಬಿನ ಸುಳಿಯೊಳಗೆ ನೀರು ಹೊಕ್ಕು ಕೊಳೆತರೆ ವರ್ಷದ ದುಡಿಮೆ ಹೋಯಿತು. ಆ ಕಬ್ಬನ್ನು ನಂಬಿದ ಕೂಲಿಯವರ ಹೆಸರಂತೂ ಎಷ್ಟೋ ಸಲ ಪರಿಹಾರದ ಪಟ್ಟಿಯಲ್ಲಿ ಇರುವುದೇ ಇಲ್ಲ, ಬಾಡಿಗೆ ಮನೆಯವರದೂ ಅಷ್ಟೇ.

ಹೀಗೆ ಮನೆ ಬಿಟ್ಟವರನ್ನು ನಾವು ನಿರಾಶ್ರಿತರು ಎನ್ನುತ್ತೇವೆ. ಆದರೆ 1951ರ ವಿಶ್ವಸಂಸ್ಥೆಯ ಒಪ್ಪಂದದಂತೆ ಕಿರುಕುಳಕ್ಕೆ ಹೆದರಿ ದೇಶದ ಗಡಿ ದಾಟಿದವನು ನಿರಾಶ್ರಿತ. ನಮ್ಮ ಜನ ದಾಟಿದ್ದು ಊರ ಸೀಮೆಯನ್ನು ಮಾತ್ರ. 1998ರಲ್ಲಿ ಅದೇ ವಿಶ್ವಸಂಸ್ಥೆ, ಸ್ವಂತ ದೇಶದೊಳಗೆ ನೆಲೆ ತಪ್ಪಿದವರಿಗಾಗಿ ಮಾರ್ಗದರ್ಶಿ ಸೂತ್ರಗಳನ್ನು ತಂದಿತು. ಪ್ರಕೃತಿ ವಿಕೋಪದಿಂದ ಮನೆ ಬಿಟ್ಟವರೂ ಅದರಲ್ಲಿ ಸೇರಿದ್ದಾರೆ. ಕಳೆದುಹೋದ ಕಾಗದಪತ್ರಗಳನ್ನು ಮತ್ತೆ ಮಾಡಿಕೊಡುವುದು ಸರಕಾರದ ಹೊಣೆ ಎಂದು ಅಲ್ಲಿ ಬರೆದಿದೆ. ಅಂದಮೇಲೆ ಅಜ್ಜಿ ಕೇಳಿದ ವಾರಸಾ ಕಾಗದವೂ ಭಿಕ್ಷೆಯಲ್ಲ.

ಇನ್ನೊಂದು ಮಾತು, ಸ್ಥಳಾಂತರದ್ದು. ಟಿಬೆಟ್‌ನಿಂದ ಬಂದವರಿಗೆ ನಮ್ಮದೇ ರಾಜ್ಯ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ, ಮುಂಡಗೋಡದಲ್ಲಿ ಜಾಗ ಕೊಟ್ಟಿತು. ಬರೀ ಮನೆಗಳನ್ನಲ್ಲ, ಉಳುವ ನೆಲವನ್ನೂ ಕೊಟ್ಟಿತು. ಶಾಲೆ, ಮಠ, ಸಹಕಾರಿ ಸಂಘ ಎಲ್ಲ ಸೇರಿ ಅವು ಊರುಗಳಾದವು. ಪರದೇಶದವರಿಗೆ ಹೀಗೆ ಮನಸ್ಸು ಬಿಚ್ಚಿದ ನಾಡು ಇದು. ನಮ್ಮವರನ್ನು ಎತ್ತರದ ಜಾಗಕ್ಕೆ ಕರೆಯುವಾಗ ದನ ಕಟ್ಟಲು, ಬಣವಿ ಒಟ್ಟಲು ಸ್ಥಳವಿಲ್ಲದ ಸೈಟು ತೋರಿಸಿ, “ಕೊಟ್ಟರೂ ಹೋಗಲೊಲ್ಲರು” ಎಂದು ದೂರುವುದು ಅನ್ಯಾಯ.

ಬರುವ ಜೂನ್‌ಗೆ ಮುಂಚೆ ನಿಮ್ಮ ಓಣಿಯ ಒಂದೊಂದೇ ಮನೆಗೆ ಹೋಗಿ ಉತಾರದಲ್ಲಿ ಯಾರ ಹೆಸರಿದೆ ನೋಡಿ. ತೀರಿಹೋದವರ ಹೆಸರಿದ್ದರೆ ವಾರಸಾ ಅರ್ಜಿಯನ್ನು ಈಗಲೇ ಕೊಡಿಸಿ. ಬಾಡಿಗೆಯವರನ್ನೂ ಕೂಲಿಯವರನ್ನೂ ನಿಮ್ಮದೇ ಒಂದು ಪಟ್ಟಿಯಲ್ಲಿ ಬರೆಯಿರಿ. ದನಗಳ ಲೆಕ್ಕವನ್ನೂ ಬಿಡಬೇಡಿ.