ಹಿಂಜರಿತದ ಕಾಲದಲ್ಲಿ ಮೊದಲು ಕೈಬಿಡುವುದು ಯಾವುದನ್ನು?

(ಬಳಗದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಸಭೆಯ ಕಾರ್ಯಸೂಚಿಯನ್ನು ತಾವೆಲ್ಲರೂ ಓದಿದ್ದೀರಿ. ಅದರಲ್ಲಿ ಆರನೆಯ ವಿಷಯ ಹೀಗಿದೆ: "ನಿಧಿಯ ಕೊರತೆಯ ಹಿನ್ನೆಲೆಯಲ್ಲಿ ಮಹಿಳಾ ಕಾರ್ಯಕ್ರಮಗಳನ್ನು ಎರಡು ವರ್ಷಗಳ ಮಟ್ಟಿಗೆ ಮುಂದೂಡುವ ಬಗ್ಗೆ." ಅದೇ ಪಟ್ಟಿಯಲ್ಲಿ ನಾಲ್ಕನೆಯದು ಇಂಗುಗುಂಡಿ ಮತ್ತು ಕಿಂಡಿ ಅಣೆಕಟ್ಟುಗಳ ಕೆಲಸ, ಅದನ್ನು ಮುಂದೂಡುವ ಮಾತು ಅಲ್ಲಿಲ್ಲ. ನನಗೆ ಕೊಟ್ಟಿರುವ ವಿಷಯ "ಆರ್ಥಿಕ ಹಿಂಜರಿತ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಲಿಂಗ ಸಮಾನತೆ" ಎಂಬ ದೊಡ್ಡ ಹೆಸರಿನದು. ಆದರೆ ಅದರ ಸಾರವೆಲ್ಲ ಈ ಎರಡು ಸಾಲುಗಳ ನಡುವೆಯೇ ಇದೆಯೆಂದು ನನಗೆ ತೋರುತ್ತದೆ. ಆದ್ದರಿಂದ ಸಿದ್ಧಾಂತದಿಂದ ಆರಂಭಿಸದೆ ಕಾರ್ಯಸೂಚಿಯಿಂದಲೇ ಆರಂಭಿಸಿದ್ದೇನೆ.

ನಿಧಿ ಕಡಿಮೆಯಾಗಿರುವುದು ಸತ್ಯ. ವಿದೇಶಿ ದೇಣಿಗೆಯ ಕಾನೂನಿಗೆ 2020ರಲ್ಲಿ ಆದ ತಿದ್ದುಪಡಿಯಿಂದ, ದೊಡ್ಡ ಸಂಸ್ಥೆಗಳು ತಾವು ಪಡೆದ ವಿದೇಶಿ ದೇಣಿಗೆಯನ್ನು ನಮ್ಮಂಥ ಸಣ್ಣ ಬಳಗಗಳಿಗೆ ಹಂಚುವ ದಾರಿ ಮುಚ್ಚಿತು. ಎಲೆಚುಕ್ಕಿ ರೋಗ ಬಡಿದ ತೋಟಗಳ ಊರುಗಳಿಂದ ಸದಸ್ಯರ ವಂತಿಗೆ ಬರುವುದೂ ಕಷ್ಟವಾಗಿದೆ. ಖರ್ಚು ಕಡಿತಗೊಳಿಸಲೇಬೇಕೆಂಬ ಖಜಾಂಚಿಗಳ ಮಾತಿಗೆ ನನ್ನ ತಕರಾರಿಲ್ಲ. ಕಡಿತದ ಕತ್ತಿ ಮೊದಲು ಯಾವ ಕೊಂಬೆಯ ಮೇಲೆ ಬೀಳುತ್ತದೆ, ಯಾಕೆ ಅಲ್ಲಿಯೇ ಬೀಳುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಸೀಮೆಗೆ ಹಿಂಜರಿತ ಹೊಸದಲ್ಲ. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರ ಜುಲೈಯಲ್ಲಿ ಕುಸಿಯಿತು. ಮುಂದೆ ವಿಯೆಟ್ನಾಮಿನ ಕಾಫಿ ಮಾರುಕಟ್ಟೆಯನ್ನು ತುಂಬಿತು. 2001-02ರ ಹೊತ್ತಿಗೆ ಬೆಲೆ ಮೂರು ದಶಕಗಳಲ್ಲೇ ಕಾಣದಷ್ಟು ಕೆಳಕ್ಕಿಳಿಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಗೆ ಅದು ನೇರವಾಗಿ ತಟ್ಟಿತು. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಮೇಲೆ ಕಾಳುಮೆಣಸಿನ ಬೆಳೆಗಾರನೂ ಅದೇ ಪಾಡು ಕಂಡ. ಆ ವರ್ಷಗಳ ಪತ್ರಿಕೆಗಳನ್ನು ತೆಗೆದು ನೋಡಿದರೆ ಬೆಳೆಗಾರರ ಸಾಲ, ಬಡ್ಡಿ ಮನ್ನಾ, ನಿಯೋಗ, ಮನವಿಪತ್ರ ಇವೇ ತುಂಬಿವೆ. ಅವು ನ್ಯಾಯವಾದ ಬೇಡಿಕೆಗಳೇ. ಆದರೆ ಹಣ್ಣು ಕೊಯ್ಯುತ್ತಿದ್ದ ಕೈಗಳಲ್ಲಿ ಹೆಚ್ಚಿನವು ಹೆಂಗಸರದ್ದಾಗಿದ್ದವು. ತೋಟದಲ್ಲಿ ಕಳೆ ತೆಗೆಯುವ, ಗೊಬ್ಬರ ಕೊಡುವ ಕೆಲಸಗಳನ್ನು ಉಳಿತಾಯಕ್ಕಾಗಿ ಕೈಬಿಟ್ಟಾಗ ಲೈನ್ ಮನೆಯ ಹೆಂಗಸಿನ ವರ್ಷದ ಕೂಲಿಯಲ್ಲಿ ಎಷ್ಟು ದಿನ ಕಳೆದುಹೋದವೆಂದು ಯಾವ ನಿಯೋಗವೂ ಲೆಕ್ಕ ಒಯ್ಯಲಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳುತ್ತಿತ್ತು. ಕಾಯಂ ಆಳುಗಳ ಬದಲು ಹಂಗಾಮಿ ಆಳುಗಳು ಬಂದರೆ ಆ ಸಂಖ್ಯೆ ತುಂಬಿಲ್ಲವೆಂದು ಹೇಳುವುದು ಸುಲಭ. ಸದ್ದಿಲ್ಲದೆ ಶಿಶುವಿಹಾರ ಇಲ್ಲವಾಗುತ್ತದೆ.

ವೆನಿಲ್ಲಾದ ಕಥೆಯನ್ನು ನಾವು ಬೇಗ ಮರೆತುಬಿಟ್ಟೆವು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾದದ್ದೇ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದು, ಅಡಿಕೆಯ ಕುಸಿತದಿಂದ ಕಂಗೆಟ್ಟಿದ್ದ ಮಲೆನಾಡು ಬಳ್ಳಿಯ ಹಿಂದೆ ಓಡಿತು. ವೆನಿಲ್ಲಾದ ಹೂವು ಅರಳುವುದು ಒಂದೇ ಬೆಳಗು. ಮಧ್ಯಾಹ್ನದೊಳಗೆ ಕೈಯಿಂದ ಪರಾಗಸ್ಪರ್ಶ ಮಾಡದಿದ್ದರೆ ಕಾಯಿ ಕಟ್ಟುವುದಿಲ್ಲ. ಸಣ್ಣ ಕಡ್ಡಿಯಿಂದ ಹೂವಿನ ಒಳಪೊರೆಯನ್ನೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವ ಆ ಕೆಲಸವನ್ನು ಮನೆ ಮನೆಗಳಲ್ಲಿ ಮಾಡಿದವರು ಹೆಚ್ಚಾಗಿ ಹೆಂಗಸರು. ದೋಸೆ ಹುಯ್ದು, ಕೊಟ್ಟಿಗೆ ಮುಗಿಸಿ, ಬಿಸಿಲೇರುವ ಮುನ್ನ. ಕೋಡಿನ ಹಣ ಬ್ಯಾಂಕಿನ ಯಾವ ಖಾತೆಗೆ ಹೋಯಿತು ಎಂದು ಕೇಳುವುದು ಅಸಭ್ಯವೆನಿಸೀತು. 2004ರ ನಂತರ ಬೆಲೆ ನೆಲಕಚ್ಚಿದಾಗ ಮಾತ್ರ "ಮನೆಯವರ ಒತ್ತಾಯಕ್ಕೆ ಹಾಕಿದ್ದು" ಎಂಬ ಮಾತು ಅಲ್ಲಲ್ಲಿ ಕೇಳಿಬಂತು! ಲಾಭದ ಕಾಲದಲ್ಲಿ ಆಕೆ ಸಹಾಯಕಿ, ನಷ್ಟದ ಕಾಲದಲ್ಲಿ ಪಾಲುದಾರಳು.

ಈ ಎಲ್ಲ ಕುಸಿತಗಳಲ್ಲಿ ಸಂಸಾರ ಬೀಳದೆ ನಿಂತದ್ದು ಹೇಗೆ? ಅಂಗಡಿಯ ಸಾಮಾನು ಕಡಿಮೆಯಾದಾಗ ಕಾಡಿನ ಕೆಸ, ಕಳಲೆ, ಮುರುಗಲು, ಉಪ್ಪಾಗೆ ಹೆಚ್ಚಾದವು. ಗ್ಯಾಸು ದುಬಾರಿಯಾದಾಗ ಸೌದೆಯ ಹೊರೆ ಮರಳಿ ತಲೆಗೇರಿತು. ಇದು ಹಳೆಯ ಕಾಲದ ಮಾತಲ್ಲ. 2016ರ ಉಜ್ವಲಾ ಯೋಜನೆ ಅಡುಗೆಮನೆಗೆ ಸಿಲಿಂಡರ್ ತಂದಿತು; 2020ರ ಮೇ ತಿಂಗಳಿನಿಂದ ಸಹಾಯಧನ ಹೆಚ್ಚುಕಡಿಮೆ ನಿಂತೇಹೋಯಿತು; 2022ರ ಮೇ ತಿಂಗಳಲ್ಲಿ ಉಜ್ವಲಾ ಫಲಾನುಭವಿಗಳಿಗೆ ಸಿಲಿಂಡರಿಗೆ 200 ರೂಪಾಯಿ ಮತ್ತೆ ಸಿಗತೊಡಗಿತು. ನಡುವಿನ ಎರಡು ವರ್ಷಗಳ ಹೊರೆ ಹೊತ್ತವರು ಯಾರೆಂದು ಸೊಪ್ಪಿನಬೆಟ್ಟದ ಕಾಲುದಾರಿಗಳನ್ನು ಕೇಳಬೇಕು. ಸರ್ಕಾರದ ಖಜಾನೆಯಲ್ಲಿ ಉಳಿತಾಯವಾದದ್ದು ಹೆಂಗಸಿನ ಮೈಯಲ್ಲಿ ಮತ್ತು ಕಾಡಿನ ಮೈಯಲ್ಲಿ ಖರ್ಚಾಯಿತು. ಪರಿಸರ ಚಳವಳಿಯವರಾದ ನಮಗೆ ಈ ಎರಡನೆಯ ಖರ್ಚು ಬೇಗ ಕಾಣುತ್ತದೆ, ಮೊದಲನೆಯದು ಅಷ್ಟಾಗಿ ಕಾಣುವುದಿಲ್ಲ. ಎರಡೂ ಒಂದೇ ಚೀಟಿಯ ಎರಡು ಬದಿಗಳು.

ಆ ಖರ್ಚಿಗೆ ಒಂದು ಅಳತೆಯೂ ಈಗ ಇದೆ. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆವಾರ್ತೆಯ ಕೂಲಿಯಿಲ್ಲದ ಕೆಲಸದಲ್ಲಿ ತೊಡಗಿದ ಹೆಂಗಸು ದಿನಕ್ಕೆ 299 ನಿಮಿಷ, ಗಂಡಸು 97 ನಿಮಿಷ ಕಳೆಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಆಕೆಗೆ ಹತ್ತು ನಿಮಿಷ ಇಳಿಯಿತೆಂದು ಸಂತೋಷಪಡುವವರು, ಆತನಿಗೂ ಒಂಬತ್ತು ನಿಮಿಷ ಇಳಿದಿದೆ ಎಂಬುದನ್ನು ಗಮನಿಸಬೇಕು. ನಾವು ಒಂದು ಜಲಾನಯನ ಯೋಜನೆಗೆ "ಜನರ ಸಹಭಾಗಿತ್ವ, ಶ್ರಮದಾನ" ಎಂದು ಬರೆಯುವಾಗ ಈ 289 ನಿಮಿಷಗಳ ಮೇಲೆ ಇನ್ನಷ್ಟು ಸೇರಿಸುತ್ತಿದ್ದೇವೆ. ಶ್ರಮದಾನಕ್ಕೆ ಮೊದಲು ಬರುವವರೂ ಕೊನೆಗೆ ಹೋಗುವವರೂ ಯಾರೆಂಬುದು ಈ ಸಭೆಗೆ ತಿಳಿಯದ ವಿಷಯವೇನಲ್ಲ.

ಹಿಂಜರಿತದ ಕಾಲದಲ್ಲಿ ಸಮಾನತೆ ಒಂದು ವಿಲಾಸ, ಸುಭಿಕ್ಷ ಬಂದಾಗ ನೋಡೋಣ ಎಂಬ ವಾದಕ್ಕೆ ಎದುರಾಗಿ ಇಡಬಹುದಾದ ದೊಡ್ಡ ಉದಾಹರಣೆ ನಮ್ಮ ದೇಶದ್ದೇ ಇದೆ. ಉದ್ಯೋಗ ಖಾತರಿ ಕಾನೂನು 2005ರಲ್ಲಿ ಬಂತು. ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಅದು ವಿಸ್ತರಿಸಿದ್ದು 2008ರ ಏಪ್ರಿಲಿನಲ್ಲಿ. ಅಂದರೆ ಜಗತ್ತಿನ ಬ್ಯಾಂಕುಗಳು ಕುಸಿದ ವರ್ಷದಲ್ಲಿಯೇ. ಫಲಾನುಭವಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕೆಂದು ಕಾನೂನು ಹೇಳಿತು. 2008-09ರಲ್ಲಿ ದುಡಿದ ದಿನಗಳಲ್ಲಿ ಸರಿಸುಮಾರು ಅರ್ಧ ಹೆಂಗಸರದ್ದಾಗಿತ್ತು. ಕಾರಣವೇನು? ಹೆಣ್ಣಾಳಿಗೂ ಗಂಡಾಳಿಗೂ ಒಂದೇ ದರ, ಐದು ಕಿಲೋಮೀಟರಿನೊಳಗೆ ಕೆಲಸ, ಆರು ವರ್ಷದೊಳಗಿನ ಐದು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ನೋಡಿಕೊಳ್ಳಲು ಕೂಲಿ ಪಡೆಯುವ ಒಬ್ಬಾಕೆ. 1976ರ ಸಮಾನ ವೇತನ ಕಾಯಿದೆ ತೋಟದ ಬೇಲಿಯೊಳಗೆ ಮೂವತ್ತು ವರ್ಷ ಮಾಡಲಾಗದ್ದನ್ನು ಒಂದು ಹಾಜರಿ ಪಟ್ಟಿ ಮಾಡಿತು. ಕೇರಳದಲ್ಲಿ ಕುಟುಂಬಶ್ರೀಯ ಹೆಂಗಸರೇ ಮೇಸ್ತ್ರಿಗಳಾಗಿ ನಿಂತಿದ್ದರಿಂದ ಅಲ್ಲಿ ಹೆಂಗಸರ ಪಾಲು ಎಲ್ಲ ರಾಜ್ಯಗಳನ್ನೂ ಮೀರಿಸಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2020ರ ಲಾಕ್‌ಡೌನಿನ ನಂತರ ಈ ಯೋಜನೆಗೆ 61,500 ಕೋಟಿಯ ಮೇಲೆ ಮತ್ತೆ 40,000 ಕೋಟಿ ಸೇರಿತು. ಊರಿಗೆ ಮರಳಿದ ಗಂಡಸರೂ ಕೆಲಸಕ್ಕೆ ಬಂದರು. ಆ ವರ್ಷ ಹೆಂಗಸರ ಪಾಲು ಅರ್ಧಕ್ಕಿಂತ ಮೇಲೇ ಉಳಿಯಿತಾದರೂ ಹಿಂದಿನ ವರ್ಷಕ್ಕಿಂತ ತಗ್ಗಿತು. ಕೆಲಸ ಯಾರಿಗೂ ಬೇಡವಾದಾಗ ಅದು ಹೆಂಗಸಿನದು. ಎಲ್ಲರಿಗೂ ಬೇಕಾದಾಗ ಆಕೆ ಸಾಲಿನಲ್ಲಿ ಹಿಂದೆ ಸರಿಯಬೇಕು. ಹಕ್ಕೆಂದು ಬರೆದಿರದಿದ್ದರೆ ಆಕೆ ಇನ್ನೆಷ್ಟು ಹಿಂದೆ ಸರಿಯುತ್ತಿದ್ದಳೋ! 2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾನೂನಿನ ಸ್ಥಾನದಲ್ಲಿ ಹೊಸದೊಂದನ್ನು ಅಂಗೀಕರಿಸಿತು. ದಿನಗಳು 125ಕ್ಕೆ ಏರಿವೆ. ಆದರೆ ಬೇಸಾಯದ ಬಿರುಸಿನ ಹಂಗಾಮಿನಲ್ಲಿ 60 ದಿನಗಳವರೆಗೆ ಕೆಲಸ ನಿಲ್ಲಿಸುವ ಅವಕಾಶವೂ ಸೇರಿದೆ. ಆ ಹಂಗಾಮಿನಲ್ಲಿ ನಾಟಿಗೆ, ಕೊಯ್ಲಿಗೆ ಹೆಣ್ಣಾಳಿನ ಕೂಲಿ ಎಷ್ಟೆಂದು ನಿಷ್ಕರ್ಷಿಸುವವರು ಯಾರು ಎಂಬುದನ್ನು ನಾವು ಗ್ರಾಮಸಭೆಗಳಲ್ಲಿ ಕೇಳುತ್ತಲೇ ಇರಬೇಕಾಗಿದೆ.

ಇನ್ನು ಕಾಡಿನ ಸಮಿತಿಗಳ ವಿಷಯ. 1990ರ ದಶಕದಲ್ಲಿ ಬ್ರಿಟಿಷ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡಕ್ಕೆ ಬಂದಾಗ, 1993ರ ಸರ್ಕಾರಿ ಆದೇಶದನ್ವಯ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದಾಗ, ಹೆಂಗಸರ ಸ್ಥಾನಗಳು ಕಾಗದದ ಮೇಲೆ ತುಂಬಿದವು. ಸಭೆ ನಡೆಯುತ್ತಿದ್ದುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಸಹಿ ಮನೆಗೇ ಬರುತ್ತಿತ್ತು. ಗುಜರಾತು ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಕಂಡುಕೊಂಡದ್ದು ಇದು: ಒಬ್ಬಿಬ್ಬರು ಹೆಂಗಸರು ಕೂತರೆ ಏನೂ ಆಗುವುದಿಲ್ಲ, ಕಾರ್ಯಕಾರಿ ಸಮಿತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಅವರಿದ್ದಾಗ ಹಾಜರಾತಿಯೂ ಮಾತೂ ಬದಲಾಗುತ್ತವೆ. ಅರಣ್ಯ ಹಕ್ಕು ಕಾಯಿದೆ ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆಯಿಟ್ಟಿದೆ. ಹಕ್ಕುಪತ್ರ ಗಂಡ-ಹೆಂಡಿರಿಬ್ಬರ ಹೆಸರಿನಲ್ಲಿರಬೇಕು, ಹಾಜರಿರುವ ಗ್ರಾಮಸಭಾ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ಅದು ಮತ್ತು ಅದರ ನಿಯಮಗಳು ವಿಧಿಸುತ್ತವೆ. 1983ರಲ್ಲಿ ಸಲ್ಕಣಿಯ ಕಾಡಿನಲ್ಲಿ ಮರ ಅಪ್ಪಿಕೊಂಡವರ ನಡುವೆ ಹೆಂಗಸರಿದ್ದರು ಎಂದು ನಾವು ಪ್ರತಿ ಭಾಷಣದಲ್ಲಿಯೂ ಹೇಳುತ್ತೇವೆ. ಆ ಮಾತಿಗೆ ಬೆಲೆ ಬರಬೇಕಾದರೆ ಇಂದಿನ ಗ್ರಾಮಸಭೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬೇಕು.

ಈಗ ನಮ್ಮ ನಾಲ್ಕನೆಯ ವಿಷಯಕ್ಕೂ ಆರನೆಯ ವಿಷಯಕ್ಕೂ ಇರುವ ಸಂಬಂಧ. ಕಿಂಡಿ ಅಣೆಕಟ್ಟು ಎಂದರೆ ಕಲ್ಲು, ಸಿಮೆಂಟು ಮಾತ್ರವಲ್ಲ. ಮಳೆ ಬಿಟ್ಟ ಮೇಲೆ ಸಮಯಕ್ಕೆ ಹಲಗೆ ಹಾಕಬೇಕು, ಮಣ್ಣು ತುಂಬಬೇಕು, ಮಳೆಗಾಲಕ್ಕೆ ಮೊದಲು ತೆಗೆದಿಡಬೇಕು. ಹಲಗೆ ಕಳೆದುಹೋದ ಅಣೆಕಟ್ಟುಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆಯೆಂದು ತಮಗೇ ಗೊತ್ತು. ನಿಂತ ನೀರು ಯಾವ ತೋಟಕ್ಕೆ, ಯಾವ ಬಾವಿಗೆ ಎಂದು ತೀರ್ಮಾನಿಸುವ ಕಡೆಯಲ್ಲಿ ಬಾವಿಯಿಂದ ನೀರು ಸೇದುವವಳು ಇಲ್ಲದಿದ್ದರೆ, ಜಾಗದ ಆಯ್ಕೆ ತೋಟದ ಕಡೆಗೇ ವಾಲುತ್ತದೆ. ಸಸಿಪಾಲನೆಯ ಬೇಸಿಗೆಯ ನೀರು, ನೆಟ್ಟ ಗಿಡಕ್ಕೆ ದರಕಿನ ಹೊದಿಕೆ, ಇವನ್ನು ನೋಡಿಕೊಳ್ಳುತ್ತಿರುವವರು ಮಹಿಳಾ ಗುಂಪಿನವರು. ಆರನೆಯ ವಿಷಯ ಮುಂದೂಡಲು ಹೊರಟಿರುವುದು ಇಬ್ಬರು ಕ್ಷೇತ್ರ ಕಾರ್ಯಕರ್ತೆಯರ ಗೌರವಧನ, ಸಭೆಗೆ ಬರುವ ಹೆಂಗಸರ ಪ್ರಯಾಣ ವೆಚ್ಚ, ಆ ದಿನ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತವಾಗಿದೆಯಲ್ಲ ಎಂದು ಒಬ್ಬ ಹಿರಿಯರು ಕೇಳಿದರು. ಸರ್ಕಾರಿ ಬಸ್ಸೇ ಬಾರದ ಊರಿಗೆ ಉಚಿತ ಟಿಕೀಟು ಏನು ಮಾಡೀತು? ಅಲ್ಲಿಂದ ಖಾಸಗಿ ವ್ಯಾನಿಗೆ ದುಡ್ಡು ಕೊಟ್ಟೇ ಬರಬೇಕು.

ಕಾಣುವ ಕೆಲಸಕ್ಕೆ ಫೋಟೋ ಇದೆ, ಬಳಕೆ ಪ್ರಮಾಣಪತ್ರವಿದೆ, ಉದ್ಘಾಟನೆಯ ಕಲ್ಲಿದೆ. ಕ್ಷೇತ್ರ ಕಾರ್ಯಕರ್ತೆ ಒಂದು ಮನೆಯ ಜಗುಲಿಯಲ್ಲಿ ಕೂತು, ಅತ್ತೆಯನ್ನು ಒಪ್ಪಿಸಿ, ಸೊಸೆಯನ್ನು ಸಭೆಗೆ ಕರೆತಂದ ಕೆಲಸಕ್ಕೆ ಯಾವ ಕಲ್ಲೂ ಇಲ್ಲ. ಕಡಿತದ ಕತ್ತಿ ಅಲ್ಲಿ ಬೀಳುವುದಕ್ಕೆ ಇದೇ ಕಾರಣವೆಂದು ನಾನು ಭಾವಿಸಿದ್ದೇನೆ. ಯಾರ ದುರುದ್ದೇಶವೂ ಅಲ್ಲ. ಹಾಗಿದ್ದರೂ ಎರಡು ವರ್ಷ ನಿಂತ ಗುಂಪು ಮತ್ತೆ ಸೇರುವುದಿಲ್ಲ. ರಾಜ್ಯದಲ್ಲಿ 1989ರ ಸುಮಾರಿಗೆ ಆರಂಭವಾಗಿದ್ದ ಮಹಿಳಾ ಸಮಖ್ಯಾಕ್ಕೆ ಕೇಂದ್ರದ ಅನುದಾನ ನಿಂತ ಮೇಲೆ ಅದರ ಹಳ್ಳಿಯ ಸಂಘಗಳ ಗತಿಯನ್ನು ಕಂಡವರು ಇಲ್ಲಿದ್ದಾರೆ. ಸಿಮೆಂಟಿನ ಕೆಲಸ ಎರಡು ವರ್ಷ ಕಾದರೆ ದರ ಸ್ವಲ್ಪ ಏರುತ್ತದೆ, ಅಷ್ಟೆ.

ಆದ್ದರಿಂದ ನನ್ನ ಸೂಚನೆ ಇಷ್ಟು. ಈ ವರ್ಷ ಯೋಜಿಸಿರುವ ಕಿಂಡಿ ಅಣೆಕಟ್ಟುಗಳಲ್ಲಿ ಒಂದನ್ನು ಮುಂದೂಡಿ, ಆ ಮೊತ್ತದಿಂದ ಆರನೆಯ ವಿಷಯದ ಮೂರೂ ಬಾಬತ್ತುಗಳನ್ನು ಉಳಿಸಿಕೊಳ್ಳಬೇಕು. ಯಾವ ಅಣೆಕಟ್ಟನ್ನು ಮುಂದೂಡಬೇಕೆಂಬುದನ್ನು ಆಯಾ ಊರಿನ ಹೆಂಗಸರೂ ಗಂಡಸರೂ ಕೂಡಿದ ಸಭೆ ತೀರ್ಮಾನಿಸಲಿ. ಸುಲಿಯುವ ಯಂತ್ರ ಬಂದು ಅಡಿಕೆ ಸುಲಿತದ ಕೂಲಿ ಕಳೆದುಕೊಂಡ ಹೆಂಗಸರಿಗೆ ನಮ್ಮ ಸಸಿಪಾಲನೆಯ ಕೆಲಸದಲ್ಲಿ ಮೊದಲ ಅವಕಾಶ ಕೊಡುವುದನ್ನೂ, ನಮ್ಮ ಹಾಜರಿ ಪಟ್ಟಿಯಲ್ಲಿ ಒಂದೇ ದರ ಇರುವುದನ್ನೂ ಠರಾವಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಕೊನೆಗೌಡನಿಗೆ ಮರ ಹತ್ತುವ ಅಪಾಯಕ್ಕೆ ಹೆಚ್ಚು ಕೊಡುವುದು ನ್ಯಾಯ. ಗುಂಡಿ ತೋಡುವ, ಮಣ್ಣು ಹೊರುವ ಇಬ್ಬರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲ.

ಇನ್ನೊಂದು ಮಾತು. ಆರನೆಯ ವಿಷಯವನ್ನು ಊಟದ ನಂತರಕ್ಕೆ ಇರಿಸಲಾಗಿದೆ. ಮೂರೂವರೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲದ ಊರುಗಳಿಂದ ಬಂದ ಹದಿನಾಲ್ಕು ಮಂದಿ ಸಹೋದರಿಯರು ಹಿಂದಿನ ಸಾಲುಗಳಲ್ಲಿ ಕುಳಿತಿದ್ದಾರೆ. ಅವರು ಹೊರಡುವ ಮುನ್ನ, ಈಗಲೇ, ಅದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.